ಐದು ಘಟಕ, ಒಂದು ಕಾಲಮ್: ರಿಲೇಟಿವ್ ವೊಲಾಟಿಲಿಟಿ ಹಿಡಿದು ಡಿಸ್ಟಿಲೇಶನ್ ಲೆಕ್ಕ ಹಾಕುವುದು ಹೇಗೆ

ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ ಅಮ್ಮ ಅಡುಗೆಮನೆಯಿಂದ ಕೂಗಿದರು. "ಬಾರೋ ಇಲ್ಲಿ, ಉರಿ ಏಳ್ತಾನೇ ಇಲ್ಲ. ಸಿಲಿಂಡರ್ ಇನ್ನೂ ಖಾಲಿ ಆಗಿಲ್ಲ ಕಣೋ, ಅಲ್ಲಾಡಿಸಿದ್ರೆ ಒಳಗೆ ಕುಲುಕುತ್ತೆ." ಹಾಸನದ ಚಳಿ ನಿಮಗೆ ಗೊತ್ತಲ್ಲ. ಆವತ್ತು 12 ಡಿಗ್ರಿ ಇದ್ದಿರಬೇಕು. ನಾನು ಸಿಲಿಂಡರ್ ಎತ್ತಿ ನೋಡಿದೆ. ನಿಜ, ತಳದಲ್ಲಿ ದ್ರವ ಇತ್ತು. ಆದರೂ ಬರ್ನರ್ ಮೇಲಿನ ನೀಲಿ ಉರಿ ಬೆರಳಿನ ಉಗುರಿನಷ್ಟೇ ಇತ್ತು.

ಡಿಸ್ಟಿಲೇಶನ್ (ಕುದಿಸಿ ಮಿಶ್ರಣ ಬೇರ್ಪಡಿಸುವುದು) ಪಾಠ ಶುರು ಮಾಡುವಾಗ ನಾನು ಮಕ್ಕಳಿಗೆ ಈ ಸಿಲಿಂಡರನ್ನೇ ತೋರಿಸುತ್ತೇನೆ. ಅಡುಗೆ ಗ್ಯಾಸ್ ಒಂದೇ ವಸ್ತುವಲ್ಲ. ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್ ಸೇರಿದ ಮಿಶ್ರಣ. 12 ಡಿಗ್ರಿಯಲ್ಲಿ ಪ್ರೊಪೇನ್‌ನ ಆವಿ ಒತ್ತಡ ಸುಮಾರು 6.7 ಬಾರ್. ನಾರ್ಮಲ್ ಬ್ಯುಟೇನ್‌ನದು ಸುಮಾರು 1.6 ಬಾರ್ ಅಷ್ಟೇ. ಒಂದನ್ನು ಇನ್ನೊಂದರಿಂದ ಭಾಗಿಸಿ: 4.2 ಬರುತ್ತದೆ. ಈ 4.2 ಎನ್ನುವುದೇ ರಿಲೇಟಿವ್ ವೊಲಾಟಿಲಿಟಿ. ಪುಸ್ತಕದಲ್ಲಿ ಇದಕ್ಕೆ ಆಲ್ಫಾ ಎಂಬ ಗ್ರೀಕ್ ಅಕ್ಷರ ಹಾಕುತ್ತಾರೆ. ನಾನೂ ಮುಂದೆ ಆಲ್ಫಾ ಅಂತಲೇ ಬರೆಯುತ್ತೇನೆ.

ಈ ಸಂಖ್ಯೆ ಏನು ಮಾಡುತ್ತದೆ ನೋಡಿ. ದ್ರವದಲ್ಲಿ ಎರಡೂ ಅರ್ಧರ್ಧ ಇದೆ ಅಂತ ಇಟ್ಟುಕೊಳ್ಳಿ. ಮೊದಲು ಹೊರಬರುವ ಆವಿಯಲ್ಲಿ ಪ್ರೊಪೇನ್ ಪಾಲು 4.2 ÷ 5.2, ಅಂದರೆ ನೂರಕ್ಕೆ 81. ಹೀಗೇ ಆವಿ ತೆಗೆಯುತ್ತಾ ಹೋದರೆ ಬ್ಯುಟೇನ್‌ನಲ್ಲಿ ನೂರಕ್ಕೆ 40 ಖಾಲಿ ಆಗುವಷ್ಟರಲ್ಲಿ ಪ್ರೊಪೇನ್‌ನಲ್ಲಿ ನೂರಕ್ಕೆ 88 ಖಾಲಿ ಆಗಿರುತ್ತದೆ. ಲೆಕ್ಕ ಸುಲಭ: ಬ್ಯುಟೇನ್ ಉಳಿದ ಪಾಲು 0.6. ಅದನ್ನು 4.2ರ ಘಾತಕ್ಕೆ ಏರಿಸಿದರೆ ಪ್ರೊಪೇನ್ ಉಳಿದ ಪಾಲು ಸಿಗುತ್ತದೆ, 0.117. ತಳದಲ್ಲಿ ಕುಲುಕುತ್ತಿದ್ದದ್ದು ಹೆಚ್ಚುಕಮ್ಮಿ ಬ್ಯುಟೇನೇ. ಚಳಿಯಲ್ಲಿ ಅದಕ್ಕೆ ಮೇಲೇಳುವ ಒತ್ತಡ ಸಾಲದು. ಆವಿಯಾಗುವಾಗ ದ್ರವ ಇನ್ನಷ್ಟು ತಣ್ಣಗಾಗುತ್ತದೆ, ಅದೂ ಸೇರಿಕೊಳ್ಳುತ್ತದೆ. (ಹಾಗಂತ ಸಿಲಿಂಡರಿಗೆ ಬಿಸಿನೀರು ಸುರಿಯುವುದು, ಒಲೆ ಹತ್ತಿರ ಇಡುವುದು ಖಂಡಿತ ಬೇಡ. ಬಿಸಿಲು ಬರುವವರೆಗೆ ಕಾಯಿರಿ, ಇಲ್ಲ ಬೇರೆ ಸಿಲಿಂಡರ್ ಹಾಕಿ.)

ಅಮ್ಮನ ಸಿಲಿಂಡರಿನಲ್ಲಿ ತಾನಾಗಿ ಅರೆಬರೆ ನಡೆದ ಬೇರ್ಪಡಿಕೆಯನ್ನೇ ರಿಫೈನರಿಯಲ್ಲಿ ಕಾಲಮ್ ಕಟ್ಟಿ ಪೂರ್ತಿಯಾಗಿ ಮಾಡುತ್ತಾರೆ. ಕಾಲಮ್ ಅಂದರೆ ಒಳಗೆ ಒಂದರ ಮೇಲೊಂದು ತಟ್ಟೆ, ಅಂದರೆ ಟ್ರೇ, ಇರುವ ಎತ್ತರದ ಗೋಪುರ. ಅದರಲ್ಲಿ ಆವಿ ಮೇಲೇರುತ್ತದೆ, ದ್ರವ ಕೆಳಗಿಳಿಯುತ್ತದೆ. ಮಂಗಳೂರಿನಿಂದ ಪೆಟ್ರೋಲ್, ಡೀಸೆಲ್ ಹೊತ್ತ ಪೈಪ್‌ಲೈನ್ ನಮ್ಮ ಹಾಸನದ ಮೂಲಕವೇ ಬೆಂಗಳೂರಿನ ಕಡೆ ಹೋಗುತ್ತದೆ. ಎಲ್‌ಪಿಜಿಗೂ ಮಂಗಳೂರಿನಿಂದ ಹಾಸನಕ್ಕೆ, ಇಲ್ಲಿಂದ ಮೈಸೂರಿನ ಕಡೆಗೆ ಬೇರೆ ಪೈಪ್‌ಲೈನ್ ಇದೆ. ನಮ್ಮ ಹೊಲಗಳ ಕೆಳಗೆ ಹರಿಯುವ ಈ ಸರಕೆಲ್ಲ ಒಂದಲ್ಲ ಒಂದು ಕಾಲಮ್‌ನಿಂದ ಇಳಿದು ಬಂದದ್ದು. ಅದಕ್ಕೇ ಈ ಲೆಕ್ಕಕ್ಕೂ ಅದೇ ಸರಕು ತೆಗೆದುಕೊಂಡಿದ್ದೇನೆ.

ಕುದಿಯುವ ಬಿಂದು ನೋಡಿ ಮೋಸ ಹೋಗಬೇಡಿ

ಎಲ್ಲರೂ ಮೊದಲು ನೋಡುವುದು ಕುದಿಯುವ ಬಿಂದುಗಳ ಅಂತರ. ಅಂದಾಜಿಗೆ ಅದು ಸಾಕು, ಕಾಲಮ್ ಲೆಕ್ಕಕ್ಕೆ ಸಾಲದು. ಕಾಲಮ್‌ಗೆ ಬೇಕಾದದ್ದು ಅನುಪಾತ. ಯಾವುದೇ ಘಟಕಕ್ಕೆ ಆವಿಯಲ್ಲಿನ ಪಾಲನ್ನು ದ್ರವದಲ್ಲಿನ ಪಾಲಿನಿಂದ ಭಾಗಿಸಿ. ಅದಕ್ಕೆ ಕೆ-ವ್ಯಾಲ್ಯೂ ಅನ್ನುತ್ತಾರೆ. ಎರಡು ಘಟಕಗಳ ಕೆ-ವ್ಯಾಲ್ಯೂಗಳ ಅನುಪಾತವೇ ಆಲ್ಫಾ. ಮಿಶ್ರಣ ಸಾಧುವಾಗಿದ್ದರೆ, ಅಂದರೆ ಒಂದೇ ಜಾತಿಯ ಅಣುಗಳಿದ್ದರೆ, ಅದು ಆವಿ ಒತ್ತಡಗಳ ಅನುಪಾತಕ್ಕೆ ಬಂದು ನಿಲ್ಲುತ್ತದೆ. ಪ್ರೊಪೇನ್, ಬ್ಯುಟೇನ್, ಪೆಂಟೇನ್ ಇಂಥ ಸಾಧುಗಳು.

ಆಲ್ಫಾ 1 ಆದರೆ ಆವಿಯೂ ದ್ರವವೂ ಒಂದೇ ಥರ ಇರುತ್ತವೆ. ಎಷ್ಟು ಟ್ರೇ ಹಾಕಿದರೂ ಏನೂ ಬೇರೆ ಆಗುವುದಿಲ್ಲ. ಪ್ಯಾರಾ ಕ್ಸೈಲೀನ್ 138.4 ಡಿಗ್ರಿಯಲ್ಲಿ, ಮೆಟಾ ಕ್ಸೈಲೀನ್ 139.1 ಡಿಗ್ರಿಯಲ್ಲಿ ಕುದಿಯುತ್ತವೆ. ಇವನ್ನು ಕಾಲಮ್‌ನಲ್ಲಿ ಬೇರ್ಪಡಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಹರಳುಗಟ್ಟಿಸುತ್ತಾರೆ, ಇಲ್ಲ ಹೀರಿಕೊಳ್ಳುವ ಘನವಸ್ತು ಬಳಸುತ್ತಾರೆ. ಆಲ್ಫಾ 2 ದಾಟಿದರೆ ಕೆಲಸ ಆರಾಮ.

ಮೊದಲ ಕೆಲಸ: ಆಲ್ಫಾ ಪಟ್ಟಿ

ನಮ್ಮ ಫೀಡ್, ಅಂದರೆ ಕಾಲಮ್‌ಗೆ ಬಿಡುವ ಮಿಶ್ರಣ, ಹೀಗಿದೆ. ಗಂಟೆಗೆ 100 ಕಿಲೋಮೋಲ್ (ಅಣುಗಳ ಎಣಿಕೆಯ ಅಳತೆ). ಪ್ರೊಪೇನ್ 10, ಐಸೊಬ್ಯುಟೇನ್ 20, ನಾರ್ಮಲ್ ಬ್ಯುಟೇನ್ 30, ಐಸೊಪೆಂಟೇನ್ 20, ನಾರ್ಮಲ್ ಪೆಂಟೇನ್ 20. ಬ್ಯುಟೇನ್ ತನಕ ಎಲ್ಲ ಮೇಲೆ ಹೋಗಬೇಕು, ಪೆಂಟೇನ್‌ಗಳು ಕೆಳಗೆ ಉಳಿಯಬೇಕು. ಪ್ಲಾಂಟ್‌ನಲ್ಲಿ ಇದಕ್ಕೆ ಡಿಬ್ಯುಟನೈಸರ್ ಅನ್ನುತ್ತಾರೆ. ಒತ್ತಡ ಸುಮಾರು 7 ಬಾರ್ ಇಡೋಣ. ಹಾಗಿಟ್ಟರೆ ಮೇಲಿನ ಆವಿ 55 ಡಿಗ್ರಿ ಆಸುಪಾಸಿನಲ್ಲಿ ದ್ರವವಾಗುತ್ತದೆ, ಸಾದಾ ತಣ್ಣೀರಿನ ಕಂಡೆನ್ಸರ್ ಸಾಕಾಗುತ್ತದೆ. ಒತ್ತಡ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ.

ಆವಿ ಒತ್ತಡಕ್ಕೆ ಆಂಟ್ವಾನ್ ಸಮೀಕರಣ ಬಳಸಿ: ಲಾಗ್ ಒತ್ತಡ = ಎ − ಬಿ ÷ (ಸಿ + ಉಷ್ಣತೆ). ಹತ್ತರ ಲಾಗ್, ಒತ್ತಡ ಪಾದರಸದ ಮಿಲಿಮೀಟರ್‌ನಲ್ಲಿ, ಉಷ್ಣತೆ ಸೆಲ್ಸಿಯಸ್‌ನಲ್ಲಿ. ನಾರ್ಮಲ್ ಬ್ಯುಟೇನ್‌ಗೆ ಎ 6.809, ಬಿ 935.86, ಸಿ 238.73. ಐಸೊಪೆಂಟೇನ್‌ಗೆ 6.790, 1020.0, 233.1. ಒಮ್ಮೆ ಕೈಯಾರೆ ಹಾಕಿ ನೋಡಿ. 750ರಿಂದ ಭಾಗಿಸಿ ಬಾರ್‌ಗೆ ತಂದರೆ 70 ಡಿಗ್ರಿಯಲ್ಲಿ ಬ್ಯುಟೇನ್‌ಗೆ ಸುಮಾರು 8 ಬಾರ್, ಐಸೊಪೆಂಟೇನ್‌ಗೆ ಸುಮಾರು 3.5 ಬಾರ್ ಬರಬೇಕು.

ಐಸೊಪೆಂಟೇನನ್ನು 1 ಅಂತ ಹಿಡಿದು ಉಳಿದವನ್ನು ಅದಕ್ಕೆ ಹೋಲಿಸಿದರೆ 70 ಡಿಗ್ರಿಯಲ್ಲಿ ಈ ಪಟ್ಟಿ ಸಿಗುತ್ತದೆ:

ಪ್ರೊಪೇನ್ 7.0
ಐಸೊಬ್ಯುಟೇನ್ 3.0
ನಾರ್ಮಲ್ ಬ್ಯುಟೇನ್ 2.25
ಐಸೊಪೆಂಟೇನ್ 1.0
ನಾರ್ಮಲ್ ಪೆಂಟೇನ್ 0.8

ಎಲ್ಲಕ್ಕೂ ಒಂದೇ ಆಧಾರ ಇರಲಿ. ಅರ್ಧ ಪಟ್ಟಿಗೆ ಬ್ಯುಟೇನ್ ಆಧಾರ, ಇನ್ನರ್ಧಕ್ಕೆ ಪೆಂಟೇನ್ ಆಧಾರ ಹಿಡಿದರೆ ಮುಂದಿನದೆಲ್ಲ ತಪ್ಪುತ್ತದೆ. ಪರೀಕ್ಷೆ ಪೇಪರ್‌ಗಳಲ್ಲಿ ನಾನು ಜಾಸ್ತಿ ನೋಡಿರುವ ತಪ್ಪು ಇದೇ.

ಎರಡು ಕೀ ಆರಿಸಿ, ಉಳಿದವು ಹಿಂದೆ ಬರುತ್ತವೆ

ಐದು ಘಟಕ ಅಂದ ಕೂಡಲೇ ಐದು ಸಮಸ್ಯೆ ಅಂತ ಮಕ್ಕಳು ಹೆದರುತ್ತಾರೆ. ಹಾಗಿಲ್ಲ. ಒಂದು ಕಾಲಮ್ ಒಂದೇ ಕಡೆ ಗೆರೆ ಎಳೆಯುತ್ತದೆ. ಗೆರೆಗೆ ಮೇಲೆ ತಾಗಿಕೊಂಡಿರುವುದು ಲೈಟ್ ಕೀ, ಕೆಳಗೆ ತಾಗಿಕೊಂಡಿರುವುದು ಹೆವಿ ಕೀ. ಇಲ್ಲಿ ನಾರ್ಮಲ್ ಬ್ಯುಟೇನ್ ಲೈಟ್ ಕೀ, ಐಸೊಪೆಂಟೇನ್ ಹೆವಿ ಕೀ. ಜಗಳ ಇರುವುದು ಇವೆರಡರ ನಡುವೆ ಮಾತ್ರ. ಪ್ರೊಪೇನ್ ಹೇಗೂ ಮೇಲೇ ಹೋಗುತ್ತದೆ.

ಈ ಎರಡಕ್ಕೆ ಮಾತ್ರ ನೀವು ಷರತ್ತು ಹಾಕಬಹುದು. ಬ್ಯುಟೇನ್‌ನಲ್ಲಿ ನೂರಕ್ಕೆ 99 ಮೇಲೆ ಬರಲಿ, ಐಸೊಪೆಂಟೇನ್‌ನಲ್ಲಿ ನೂರಕ್ಕೆ 99 ಕೆಳಗೆ ಉಳಿಯಲಿ. ಹಾಗಾದರೆ ಮೇಲೆ ಬ್ಯುಟೇನ್ 29.7, ಕೆಳಗೆ 0.3. ಐಸೊಪೆಂಟೇನ್ ಮೇಲೆ 0.2, ಕೆಳಗೆ 19.8. ಮೂರನೇ ಘಟಕಕ್ಕೂ ಷರತ್ತು ಹಾಕಲು ಹೋದರೆ ಲೆಕ್ಕ ಬಿಗಿಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ.

ಕನಿಷ್ಠ ಹಂತ: ಫೆನ್‌ಸ್ಕೆ

ಕಂಡೆನ್ಸರ್‌ನಲ್ಲಿ ದ್ರವವಾದದ್ದನ್ನೆಲ್ಲ ಒಂದು ಹನಿಯೂ ಹೊರಗೆ ತೆಗೆಯದೆ ವಾಪಸ್ ಕಾಲಮ್‌ಗೆ ಬಿಟ್ಟರೆ ಎಷ್ಟು ಹಂತ (ಆವಿ-ದ್ರವ ಪೂರ್ತಿ ಸಮತೋಲಕ್ಕೆ ಬರುವ ಆದರ್ಶ ಟ್ರೇ) ಸಾಕು? ಮೆರೆಲ್ ಫೆನ್‌ಸ್ಕೆ 1932ರಲ್ಲಿ ಇದಕ್ಕೆ ಸೂತ್ರ ಕೊಟ್ಟರು. ಒಂದೊಂದು ಹಂತ ಹತ್ತಿದಾಗಲೂ ಎರಡು ಕೀಗಳ ಅನುಪಾತ ಆಲ್ಫಾದಷ್ಟು ಪಟ್ಟು ಬದಲಾಗುತ್ತದೆ. ಎರಡು ಹಂತಕ್ಕೆ ಆಲ್ಫಾ ವರ್ಗ, ಮೂರಕ್ಕೆ ಘನ. ಮೇಲೆ ಬೇಕಾದ ಅನುಪಾತ ತಲುಪಲು ಎಷ್ಟು ಸಲ ಗುಣಿಸಬೇಕು ಅನ್ನುವುದೇ ಪ್ರಶ್ನೆ. ಅದಕ್ಕೇ ಲಾಗ್.

ಬ್ಯುಟೇನ್ ಮೇಲೆ-ಕೆಳಗೆ ಅನುಪಾತ 99. ಐಸೊಪೆಂಟೇನ್ ಕೆಳಗೆ-ಮೇಲೆ ಅನುಪಾತ 99.

ಕನಿಷ್ಠ ಹಂತ = ಲಾಗ್(99 × 99) ÷ ಲಾಗ್(2.25) = 11.3

ರೀಬಾಯ್ಲರ್ (ಕಾಲಮ್‌ನ ತಳದಲ್ಲಿ ದ್ರವ ಕುದಿಸುವ ಪಾತ್ರೆ) ಕೂಡ ಇದರಲ್ಲಿ ಒಂದು ಹಂತ.

ಇದೇ ಸೂತ್ರ ತಿರುಗಿಸಿ ಉಳಿದ ಮೂರು ಘಟಕ ಎಲ್ಲಿ ಹೋದವು ಅಂತ ನೋಡಬಹುದು. ನಾರ್ಮಲ್ ಪೆಂಟೇನ್‌ಗೆ 0.8ನ್ನು 11.3ರ ಘಾತಕ್ಕೆ ಏರಿಸಿ 99ರಿಂದ ಭಾಗಿಸಿ. 0.0008 ಬರುತ್ತದೆ. 20ರಲ್ಲಿ ಮೇಲೆ ಹೋಗುವುದು 0.016 ಕಿಲೋಮೋಲ್. ಐಸೊಬ್ಯುಟೇನ್ ಕೆಳಗೆ ಉಳಿಯುವುದು 0.008. ಪ್ರೊಪೇನ್ ಕೆಳಗೆ ಇಲ್ಲವೇ ಇಲ್ಲ. ಒಟ್ಟು ಮೇಲಿನ ಸರಕು 59.9, ಕೆಳಗಿನದು 40.1.

ಆಲ್ಫಾ ನಿಂತಲ್ಲಿ ನಿಲ್ಲುವುದಿಲ್ಲ

ಇಲ್ಲಿ ಸ್ವಲ್ಪ ನಿಲ್ಲೋಣ. ನಾನು ಟ್ರೇನಿ ಆಗಿದ್ದಾಗ ಇಂಥದ್ದೇ ಒಂದು ಲೆಕ್ಕಕ್ಕೆ 25 ಡಿಗ್ರಿಯ ಆವಿ ಒತ್ತಡ ಹಾಕಿಬಿಟ್ಟಿದ್ದೆ. ಕೈಪಿಡಿಯಲ್ಲಿ ಆ ಸಂಖ್ಯೆ ಸಿದ್ಧವಾಗಿ ಸಿಕ್ಕಿತ್ತು, ಸುಮ್ನೆ ಬರೆದುಕೊಂಡೆ. 25 ಡಿಗ್ರಿಯಲ್ಲಿ ಬ್ಯುಟೇನ್-ಐಸೊಪೆಂಟೇನ್ ಆಲ್ಫಾ 2.65. ಕನಿಷ್ಠ ಹಂತ 9.4 ಬಂತು. ಖುಷಿಯಿಂದ ತೋರಿಸಿದೆ. ಹಿರಿಯ ಎಂಜಿನಿಯರ್ ಒಂದೇ ಪ್ರಶ್ನೆ ಕೇಳಿದರು: "ಈ ಕಾಲಮ್‌ನಲ್ಲಿ ಯಾವ ಟ್ರೇ 25 ಡಿಗ್ರಿಯಲ್ಲಿದೆ ತೋರಿಸಪ್ಪ." ಒಂದೂ ಇರಲಿಲ್ಲ. ಎರಡು ಹಂತ ಕಮ್ಮಿ ಇಟ್ಟು ಕಾಲಮ್ ಕಟ್ಟಿದ್ದರೆ ಮೇಲಿನ ಸರಕಿನಲ್ಲಿ ಪೆಂಟೇನ್ ಸೇರಿಕೊಳ್ಳುತ್ತಿತ್ತು. ಆ ಪ್ರಶ್ನೆಗೆ ನಾನು ಇವತ್ತಿಗೂ ಋಣಿ.

ಬಿಸಿ ಏರಿದಂತೆ ಆಲ್ಫಾ ಇಳಿಯುತ್ತದೆ. ಪ್ರೊಪೇನ್-ಬ್ಯುಟೇನ್ ಆಲ್ಫಾ 12 ಡಿಗ್ರಿಯಲ್ಲಿ 4.2 ಇದ್ದದ್ದು 70ರಲ್ಲಿ 3.1. ಒತ್ತಡ ಏರಿಸಿದರೆ ಕುದಿತ ಬಿಸಿಯಲ್ಲಿ ನಡೆಯುತ್ತದೆ, ಹಾಗಾಗಿ ಬೇರ್ಪಡಿಕೆ ಕಷ್ಟವಾಗುತ್ತದೆ. ಒತ್ತಡ ಇಳಿಸಿದರೆ ಬೇರ್ಪಡಿಕೆ ಸುಲಭ, ಆದರೆ ಕಂಡೆನ್ಸರ್‌ಗೆ ತಣ್ಣೀರು ಸಾಲದೆ ಹೋಗುತ್ತದೆ. ಈ ಎಳೆದಾಟದ ನಡುವೆ ಒಂದು ಒತ್ತಡ ಆರಿಸಬೇಕು.

ನಮ್ಮ ಕಾಲಮ್‌ನ ತುದಿಯಲ್ಲಿ 55 ಡಿಗ್ರಿ, ತಳದಲ್ಲಿ ಸುಮಾರು 103 ಡಿಗ್ರಿ. ಎರಡೂ ಕಡೆ ಕೀಗಳ ಆಲ್ಫಾ ತೆಗೆಯಿರಿ: 2.36 ಮತ್ತು 2.07. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 2.21. ಇದನ್ನು ಹಾಕಿದರೆ ಕನಿಷ್ಠ ಹಂತ 11.3ರ ಬದಲು 11.6. ಹತ್ತಿರವೇ ಇದೆ, 70 ಡಿಗ್ರಿಯ ಪಟ್ಟಿಯನ್ನೇ ನಂಬಿ ಮುಂದುವರಿಯಬಹುದು. ಈ ತಾಳೆ ನೋಡದೆ ಮುಂದೆ ಹೋಗಬೇಡಿ.

ಒತ್ತಡದ ಮಾತು ಬಂತಲ್ಲ, ನಮ್ಮೂರಿನದೂ ಒಂದು ಹೇಳಬೇಕು. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 0.9 ಬಾರ್. ನೀರು 97 ಡಿಗ್ರಿಗೇ ಕುದಿಯುತ್ತದೆ. ಮುಳ್ಳಯ್ಯನಗಿರಿ ತುದಿಯಲ್ಲಿ ಒಲೆ ಹೂಡಿದರೆ 94 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಒಮ್ಮೆ ಒಬ್ಬ ಹುಡುಗಿ ಗಾಜಿನ ಫ್ಲಾಸ್ಕ್‌ನಲ್ಲಿ ಎಥನಾಲ್ ಕುದಿಸುತ್ತಾ ಬೇಜಾರು ಮಾಡಿಕೊಂಡಿದ್ದಳು. "ಸರ್, ಥರ್ಮಾಮೀಟರ್ ಕೆಟ್ಟಿದೆ. 78.4 ಬರಬೇಕು, 75.5ಕ್ಕೇ ನಿಂತುಬಿಟ್ಟಿದೆ." ಪಾದರಸದ ಗೆರೆ ಅಲ್ಲಾಡದೆ ನಿಂತಿತ್ತು. ಥರ್ಮಾಮೀಟರ್ ಸರಿಯಾಗೇ ಇತ್ತು. 78.4 ಎನ್ನುವುದು ಮಂಗಳೂರಿನ ಸಂಖ್ಯೆ, ಹಾಸನದ್ದಲ್ಲ. ತೆರೆದ ಗಾಜಿನ ಕಾಲಮ್‌ನಲ್ಲಿ ಪ್ರಯೋಗ ಮಾಡುವವರು ಪುಸ್ತಕದ ಕುದಿಯುವ ಬಿಂದು ಹಾಕುವ ಮೊದಲು ಬ್ಯಾರೋಮೀಟರ್ ನೋಡಿ.

ಕನಿಷ್ಠ ರಿಫ್ಲಕ್ಸ್: ಅಂಡರ್‌ವುಡ್

ಈಗ ಎದುರು ಪ್ರಶ್ನೆ. ಹಂತ ಎಷ್ಟು ಬೇಕಾದರೂ ಹಾಕೋಣ, ಆದರೆ ಎಷ್ಟು ಕಮ್ಮಿ ದ್ರವ ವಾಪಸ್ ಬಿಟ್ಟರೆ ಕೆಲಸ ನಡೆಯುತ್ತದೆ? ಅಂಡರ್‌ವುಡ್ 1948ರಲ್ಲಿ ಕೊಟ್ಟ ದಾರಿ ಎರಡು ಮೆಟ್ಟಿಲಿನದು.

ಮೊದಲ ಮೆಟ್ಟಿಲು ಥೀಟಾ ಎಂಬ ಸಹಾಯಕ ಸಂಖ್ಯೆ ಹುಡುಕುವುದು. ಪ್ರತಿ ಘಟಕದ ಆಲ್ಫಾವನ್ನು ಫೀಡ್‌ನಲ್ಲಿ ಅದರ ಪಾಲಿನಿಂದ ಗುಣಿಸಿ, ಆಲ್ಫಾ − ಥೀಟಾದಿಂದ ಭಾಗಿಸಿ, ಎಲ್ಲವನ್ನೂ ಕೂಡಿ. ಫೀಡ್ ಕುದಿಯುವ ಹಂತದ ದ್ರವವಾಗಿದ್ದರೆ ಮೊತ್ತ ಸೊನ್ನೆ ಆಗಬೇಕು. ನಮಗೆ ಬೇಕಾದ ಥೀಟಾ ಎರಡು ಕೀಗಳ ಆಲ್ಫಾ ನಡುವೆ, 1 ಮತ್ತು 2.25ರ ಮಧ್ಯೆ ಇರುತ್ತದೆ. ಬೇರೆ ಕಡೆಯೂ ಉತ್ತರಗಳು ಸಿಗುತ್ತವೆ, ಅವು ಬೇಡ.

ಊಹೆ ಹಾಕಿ ನೋಡಬೇಕು. 1.30 ಹಾಕಿದರೆ ಮೊತ್ತ 0.1995, ಜಾಸ್ತಿ ಆಯಿತು. 1.25 ಹಾಕಿದರೆ −0.016, ಚೂರು ಕಮ್ಮಿ. 1.2533 ಹಾಕಿದರೆ ಸೊನ್ನೆ. ಸಿಕ್ಕಿತು.

ಎರಡನೇ ಮೆಟ್ಟಿಲಿನಲ್ಲಿ ಅದೇ ಥರದ ಮೊತ್ತ, ಆದರೆ ಫೀಡ್ ಪಾಲಿನ ಬದಲು ಮೇಲಿನ ಸರಕಿನ ಪಾಲು. ಪ್ರೊಪೇನ್ 0.167, ಐಸೊಬ್ಯುಟೇನ್ 0.334, ಬ್ಯುಟೇನ್ 0.496, ಐಸೊಪೆಂಟೇನ್ 0.0033. ಮೊತ್ತ 1.88 ಬರುತ್ತದೆ. ಅದರಲ್ಲಿ 1 ಕಳೆದರೆ ಕನಿಷ್ಠ ರಿಫ್ಲಕ್ಸ್ ಅನುಪಾತ (ವಾಪಸ್ ಬಿಟ್ಟ ದ್ರವ ÷ ಹೊರಗೆ ತೆಗೆದ ಮೇಲಿನ ಸರಕು): 0.88. ಒಂದು ಎಚ್ಚರಿಕೆ: ಎರಡು ಕೀಗಳ ಮಧ್ಯೆ ಇನ್ನೊಂದು ಘಟಕ ಕೂತಿದ್ದರೆ ಒಂದೇ ಥೀಟಾ ಸಾಲದು.

ನಿಜವಾದ ಟ್ರೇ ಎಷ್ಟು

ಕನಿಷ್ಠ ಹಂತಕ್ಕೆ ಅನಂತ ರಿಫ್ಲಕ್ಸ್ ಬೇಕು, ಕನಿಷ್ಠ ರಿಫ್ಲಕ್ಸ್‌ಗೆ ಅನಂತ ಹಂತ ಬೇಕು. ಎರಡೂ ಕಟ್ಟಲಾಗದು. ನಡುವೆ ಎಲ್ಲಿ ನಿಲ್ಲಬೇಕು ಅಂತ ಹೇಳುವುದು ಗಿಲಿಲ್ಯಾಂಡ್ 1940ರಲ್ಲಿ ಕೊಟ್ಟ ರೇಖೆ. ಗ್ರಾಫ್ ಹುಡುಕಬೇಡಿ, ಎಡುಲ್ಜಿ ಕೊಟ್ಟ ಸೂತ್ರ ಕ್ಯಾಲ್ಕುಲೇಟರ್‌ಗೆ ಹೇಳಿ ಮಾಡಿಸಿದಂತಿದೆ.

ಕನಿಷ್ಠದ 1.3 ಪಟ್ಟು ರಿಫ್ಲಕ್ಸ್ ತೆಗೆದುಕೊಳ್ಳೋಣ, 1.146. ರಿಫ್ಲಕ್ಸ್‌ನಿಂದ ಕನಿಷ್ಠ ಕಳೆದು, ರಿಫ್ಲಕ್ಸ್ + 1ರಿಂದ ಭಾಗಿಸಿ: 0.123. ಇದನ್ನು 0.5668ರ ಘಾತಕ್ಕೆ ಏರಿಸಿ, 1ರಿಂದ ಕಳೆದು, 0.75ರಿಂದ ಗುಣಿಸಿ: 0.521. ಹಂತಗಳಿಂದ ಕನಿಷ್ಠ ಹಂತ ಕಳೆದು, ಹಂತ + 1ರಿಂದ ಭಾಗಿಸಿದರೆ ಈ ಸಂಖ್ಯೆಯೇ ಬರಬೇಕು. ಬಿಡಿಸಿದರೆ ಹಂತಗಳು 25.

1.3 ಯಾಕೆ? 1.1 ಪಟ್ಟು ಇಟ್ಟರೆ 32 ಹಂತ ಬೇಕು, ಕಾಲಮ್‌ನಲ್ಲಿ ಏರುವ ಆವಿ ಗಂಟೆಗೆ 118 ಕಿಲೋಮೋಲ್. 1.3ಕ್ಕೆ 25 ಹಂತ, 129 ಕಿಲೋಮೋಲ್. 1.5ಕ್ಕೆ 22 ಹಂತ, 139 ಕಿಲೋಮೋಲ್. ಹಂತ ಕಮ್ಮಿ ಆದರೆ ಉಕ್ಕು ಉಳಿಯುತ್ತದೆ, ಒಂದೇ ಸಲ. ಆವಿ ಜಾಸ್ತಿ ಆದರೆ ಉರುವಲು ಖರ್ಚು ದಿನಾ ಇರುತ್ತದೆ. ಉರುವಲು ದುಬಾರಿ ಇರುವ ಈ ಕಾಲಕ್ಕೆ ನನ್ನ ಒಲವು 1.2ರ ಕಡೆಗೆ. ಆದರೆ 1.1ರ ಹತ್ತಿರ ಹೋದರೆ ಆಲ್ಫಾದಲ್ಲಿ ಸಣ್ಣ ತಪ್ಪಿದ್ದರೂ ಕಾಲಮ್ ಕೈಕೊಡುತ್ತದೆ.

25ರಲ್ಲಿ ಒಂದು ರೀಬಾಯ್ಲರ್. ಉಳಿದ 24 ಹಂತ ಕಾಲಮ್ ಒಳಗೆ. ಟ್ರೇ ದಕ್ಷತೆ ನೂರಕ್ಕೆ 70 ಅಂತ ಹಿಡಿದರೆ 34 ಟ್ರೇಗಿಂತ ಸ್ವಲ್ಪ ಜಾಸ್ತಿ, 35 ಹಾಕಿ. ಟ್ರೇ ಟ್ರೇ ನಡುವೆ 60 ಸೆಂಟಿಮೀಟರ್ ಬಿಟ್ಟರೆ ಟ್ರೇಗಳ ಭಾಗವೇ 20 ಮೀಟರ್ ದಾಟುತ್ತದೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ನಿಂತು ಮೇಲೆ ನೋಡಿದ್ದೀರಲ್ಲ, ಅದಕ್ಕಿಂತ ಸ್ವಲ್ಪ ಎತ್ತರ.

ಫೀಡ್ ಎಲ್ಲಿ ಬಿಡಬೇಕು? ಕರ್ಕ್‌ಬ್ರೈಡ್ ಸೂತ್ರಕ್ಕೆ ಮೂರು ಸಂಖ್ಯೆ ಸಾಕು: ಕೆಳಗಿನ ಸರಕು ÷ ಮೇಲಿನ ಸರಕು, ಫೀಡ್‌ನಲ್ಲಿ ಹೆವಿ ಕೀ ÷ ಲೈಟ್ ಕೀ, ಮತ್ತು ತಳದಲ್ಲಿ ಕಲಬೆರಕೆಯಾದ ಲೈಟ್ ಕೀ ÷ ತುದಿಯಲ್ಲಿ ಕಲಬೆರಕೆಯಾದ ಹೆವಿ ಕೀ, ಇದರ ವರ್ಗ. 0.669 × 0.667 × 5.02 = 2.24. ಅದನ್ನು 0.206ರ ಘಾತಕ್ಕೆ ಏರಿಸಿದರೆ 1.18. ಫೀಡ್‌ಗಿಂತ ಮೇಲೆ 13-14 ಹಂತ, ಕೆಳಗೆ 11-12. ನಿಜವಾದ ಕಾಲಮ್‌ನಲ್ಲಿ ಅಕ್ಕಪಕ್ಕ ಇನ್ನೆರಡು ಕಡೆ ಫೀಡ್ ನಳಿಕೆ ಇಡಿಸಿ. ಫೀಡ್ ಯಾವತ್ತೂ ಕಾಗದದಲ್ಲಿ ಬರೆದ ಹಾಗೆ ಬರುವುದಿಲ್ಲ.

ಈ ದಾರಿ ನಡೆಯದ ಕಡೆ

ಎಥನಾಲ್-ನೀರು ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಅವು ಸಾಧು ಜೋಡಿಯಲ್ಲ. ಎಥನಾಲ್ ಕಮ್ಮಿ ಇದ್ದಾಗ ಆಲ್ಫಾ ತುಂಬ ದೊಡ್ಡದು, ತೂಕದಲ್ಲಿ ನೂರಕ್ಕೆ 95.6 ಎಥನಾಲ್ ಆದಾಗ ಆಲ್ಫಾ ಸರಿಯಾಗಿ 1. ಅಲ್ಲಿಗೆ ನಿಂತಿತು. ಅದೇ ಅಜಿಯೋಟ್ರೋಪ್. ಇಂಥ ಕಡೆ ಆವಿ ಒತ್ತಡವನ್ನು ಆಕ್ಟಿವಿಟಿ ಗುಣಾಂಕದಿಂದ (ಘಟಕ ಎಷ್ಟು ಸಾಧುವಲ್ಲ ಅಂತ ಹೇಳುವ ಸಂಖ್ಯೆ) ಗುಣಿಸಿ, ಹಂತ ಹಂತವಾಗಿ ಲೆಕ್ಕ ಹಾಕಬೇಕು. ಸರಾಸರಿ ಆಲ್ಫಾ ಹಾಕಿದರೆ ಸುಳ್ಳು ಉತ್ತರ ಬರುತ್ತದೆ, ಅದೂ ನೋಡಲು ಚೆನ್ನಾಗಿರುವ ಸುಳ್ಳು.

ಕಾಲಮ್ ಲೆಕ್ಕ ಹಾಕುವ ಕಂಪ್ಯೂಟರ್ ಸಿಮ್ಯುಲೇಟರ್ ಇರುವವರೂ ಮೊದಲು ಈ ಕೈಲೆಕ್ಕ ಮಾಡಿ. ಅದು ಆರಂಭದ ಊಹೆ ಕೇಳುತ್ತದೆ. 25 ಹಂತ, 1.15 ರಿಫ್ಲಕ್ಸ್, 14ನೇ ಹಂತಕ್ಕೆ ಫೀಡ್ ಅಂತ ಕೊಟ್ಟರೆ ಬೇಗ ದಾರಿಗೆ ಬರುತ್ತದೆ.

ಐದೂ ಘಟಕ ಬೇರೆ ಬೇರೆ ಬೇಕಾದರೆ ನಾಲ್ಕು ಕಾಲಮ್ ಬೇಕು. ಅವನ್ನು 14 ರೀತಿಯ ಕ್ರಮದಲ್ಲಿ ಜೋಡಿಸಬಹುದು. ಆಲ್ಫಾ 1ಕ್ಕೆ ಹತ್ತಿರ ಇರುವ ಜೋಡಿಯನ್ನು ಕೊನೆಗೆ ಇಡಿ, ಬೇರೆ ಘಟಕಗಳ ಭಾರವನ್ನೂ ಆ ಎತ್ತರದ ಕಾಲಮ್ ಹೊರುವಂತೆ ಮಾಡಬೇಡಿ. ನಮ್ಮ ಪಟ್ಟಿಯಲ್ಲಿ ಅಂಥ ಜೋಡಿ ಎರಡಿವೆ: ಎರಡು ಬ್ಯುಟೇನ್, ಎರಡು ಪೆಂಟೇನ್. ಈಗ ನೀವೇ ಒಂದು ಮಾಡಿ ನೋಡಿ. ಐಸೊಬ್ಯುಟೇನ್ ಲೈಟ್ ಕೀ, ನಾರ್ಮಲ್ ಬ್ಯುಟೇನ್ ಹೆವಿ ಕೀ, ಎರಡಕ್ಕೂ ಅದೇ ನೂರಕ್ಕೆ 99. ಆಧಾರ ಈಗ ನಾರ್ಮಲ್ ಬ್ಯುಟೇನ್, ಹಾಗಾಗಿ ಆಲ್ಫಾ 3.0 ÷ 2.25. ಕನಿಷ್ಠ ಹಂತ 32 ಬಂದರೆ ನೀವು ದಾರಿ ತಪ್ಪಿಲ್ಲ. 8.4 ಬಂದರೆ ಹಳೆಯ ಆಧಾರದ 3.0 ಅನ್ನೇ ಹಾಕಿದ್ದೀರಿ, ಪಟ್ಟಿಗೆ ವಾಪಸ್ ಹೋಗಿ.